ನಷ್ಟದ ಪುಟ ತೆರೆಯುವುದನ್ನೂ ಕಲಿಸಿ

ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ಕಾರವಾರ, ಇವರಿಗೆ
ಹಾಗೂ ಉತ್ತರ ಕನ್ನಡ ಜಿಲ್ಲೆಯಲ್ಲಿ ಸ್ವ ಉದ್ಯೋಗ ತರಬೇತಿ ನಡೆಸುವ ಎಲ್ಲರಿಗೆ

ಮಾನ್ಯರೇ, ನಮಸ್ಕಾರ.

ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಮುರುಗಲು, ಅಂದರೆ ಕೋಕಂ ಹಣ್ಣಿನ, ಸಿರಪ್ ಮಾಡುತ್ತೇನೆ. ಮನೆ ಹಿಂದಿನ ಹಳೇ ಕೊಟ್ಟಿಗೆಯನ್ನು ಸರಿಮಾಡಿಕೊಂಡು ಶುರು ಮಾಡಿದ ಕೆಲಸ. ಎಂಟು ವರ್ಷವಾಯಿತು. ಸೀಸನ್‌ನಲ್ಲಿ ನಾಲ್ಕು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಜೊತೆಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಸ್ವಲ್ಪ ಸ್ವಲ್ಪ.

ಈ ಪತ್ರ ಸಾಲಕ್ಕಲ್ಲ, ಸಬ್ಸಿಡಿಗೂ ಅಲ್ಲ. ಒಂದೇ ಒಂದು ಬೇಡಿಕೆ ಇದೆ. ಉದ್ಯಮ ಹೇಗೆ ಶುರು ಮಾಡಬೇಕು ಅಂತ ನೀವು ನಮಗೆ ಕಲಿಸುತ್ತೀರಿ. ನಷ್ಟ ಬಂದ ದಿನ ನಮ್ಮ ಜೊತೆ ನಾವೇ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನೂ ಕಲಿಸಿ. ಇದು ಮನೆಮಾತಿನ ಹಾಗೆ ಕೇಳಬಹುದು. ನನಗೆ ಇದು ಲೆಕ್ಕದ ಮಾತು. ಯಾಕೆ ಅಂತ ಹೇಳುತ್ತೇನೆ.

2023ರ ಜೂನ್. ಹುಬ್ಬಳ್ಳಿಯ ಒಂದು ಅಂಗಡಿಯಿಂದ 600 ಬಾಟಲಿಗೆ ಆರ್ಡರ್ ಬಂತು. ಅಲ್ಲಿಯವರೆಗೆ ನನಗೆ ಬಂದಿದ್ದರಲ್ಲಿ ಅದೇ ದೊಡ್ಡದು. ಮೇ ತಿಂಗಳ ಹಣ್ಣು ಅಷ್ಟಕ್ಕೆ ಸಾಲುವಂತಿರಲಿಲ್ಲ. ಮಳೆ ಬಿದ್ದ ಮೇಲೆ ಕೊಯ್ದ ಹಣ್ಣನ್ನೂ ತೆಗೆದುಕೊಂಡೆ. ಮಳೆ ಕುಡಿದ ಮುರುಗಲಿನಲ್ಲಿ ನೀರು ಜಾಸ್ತಿ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ಅವಸರ. ಬಾಟಲಿ ತುಂಬಿ, ಮುಚ್ಚಳ ಹಾಕಿ, ಲೇಬಲ್ ಅಂಟಿಸಿ ಕಳಿಸಿದೆ. ಮೂರನೇ ವಾರ ಫೋನ್ ಬಂತು. ಸಿರಪ್ ಹುಳಿ ಬಂದು ಒಳಗೆ ಗ್ಯಾಸ್ ತುಂಬಿಕೊಂಡಿದೆ, ಮುಚ್ಚಳ ಹಾರುತ್ತಿವೆ, ಎರಡು ಬಾಟಲಿ ಒಡೆದಿವೆ. ಎಲ್ಲವನ್ನೂ ವಾಪಸ್ ಕಳಿಸಿದರು. ಲಾರಿ ಬಾಡಿಗೆಯೂ ನನ್ನದೇ.

ಅವತ್ತು ರಾತ್ರಿ ನನಗೆ ನಾನು ಏನೇನು ಹೇಳಿಕೊಂಡೆ ಅಂತ ಇವತ್ತಿಗೂ ನೆನಪಿದೆ. ನಿನಗೆ ಯಾಕೆ ಬೇಕಿತ್ತು ಈ ಉಸಾಬರಿ. ಅಡುಗೆಮನೆಯಲ್ಲಿ ಇರುವುದು ಬಿಟ್ಟು ಹುಬ್ಬಳ್ಳಿಗೆ ಮಾಲು ಕಳಿಸುವ ಆಸೆ. ಮನೆಯವರ ದುಡ್ಡು ನೀರಿಗೆ ಹಾಕಿದೆ. ಬೇರೆ ಯಾರಾದರೂ ಒಂದು ದಿನ ಹೀಗೆ ಬೈದಿದ್ದರೆ ಎದ್ದು ಹೋಗುತ್ತಿದ್ದೆ. ನನ್ನೊಳಗೇ ಕೂತು ಬೈಯುವವರನ್ನು ಬಿಟ್ಟು ಎಲ್ಲಿಗೆ ಹೋಗಲಿ? ತಿಂಗಳುಗಟ್ಟಲೆ ಕೇಳಿಸಿಕೊಂಡೆ.

ಕೆಲವು ಮಾತು ಹೊರಗಿನಿಂದಲೂ ಬಂತು. ಒಂದು ಕಂತು ತಡವಾದಾಗ ಸಾಲ ಕೊಟ್ಟ ಕಡೆಯವರೊಬ್ಬರು, "ನಿಮ್ಮಂಥವರಿಗೆ ಕೊಟ್ಟಿದ್ದೇ ತಪ್ಪಾಯ್ತು" ಅಂದರು. ಅವರು ಬಹುಶಃ ಸಂಜೆಗೆ ಮರೆತಿರಬಹುದು. ನಾನು ಅದನ್ನು ನನ್ನ ಬೈಗುಳದ ಪಟ್ಟಿಗೆ ಸೇರಿಸಿಕೊಂಡೆ.

ಲೆಕ್ಕದ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಒಂಬತ್ತು ತಿಂಗಳು ತೆಗೆಯಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಹಳೇ ಗಿರಾಕಿಗಳು ಕೇಳಿದರೆ "ಈ ಸಲ ಮಾಡಿಲ್ಲ" ಅಂದೆ. ಬಾಟಲಿ ಕೊಟ್ಟವರಿಗೆ ಬಾಕಿ ಎಷ್ಟು ಅಂತ ಕೇಳಲೂ ಮುಖ ಇರಲಿಲ್ಲ.

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಮ್ಮಂಥ ಸಣ್ಣವರಿಗೆ ಅದಕ್ಕಿಂತ ದೊಡ್ಡ ಮಾರುಕಟ್ಟೆ ಇಲ್ಲ. ಅದೂ ಬಿಸಿಲು ಏರುತ್ತಿರುವ ಹೊತ್ತು, ಮುರುಗಲು ಶರಬತ್ತಿಗೆ ಹೇಳಿಮಾಡಿಸಿದ ಕಾಲ. ನಾನು ಅಂಗಡಿ ಹಾಕಲಿಲ್ಲ. ದೇವಿಗೆ ಉಡಿ ತುಂಬಿ, ಅಂಗಡಿ ಸಾಲಿನ ಕಡೆ ನೋಡದೆ ಮನೆಗೆ ಬಂದೆ. ಹುಬ್ಬಳ್ಳಿಯ ನಷ್ಟ ಒಂದು ಆರ್ಡರಿನದು. ಜಾತ್ರೆಯ ನಷ್ಟ ನಾನು ನನ್ನನ್ನು ಬೈದುಕೊಂಡಿದ್ದಕ್ಕೆ ತೆತ್ತಿದ್ದು. ಈ ಎರಡನೆಯದನ್ನು ಯಾವ ತರಬೇತಿಯಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪುಸ್ತಕ ತೆಗೆಸಿದವರು ನಮ್ಮ ಅತ್ತೆ. ಏಪ್ರಿಲ್‌ನಲ್ಲಿ ಒಂದು ದಿನ ಹಳೇ ಮಿಡಿ ಉಪ್ಪಿನಕಾಯಿ ಬರಣಿ ಇಳಿಸಿದರು. ಮೇಲೆ ಬೂಸಲು ಬಂದಿತ್ತು. ನಾನು "ಹಾಳಾಯ್ತು, ಚೆಲ್ಲಿಬಿಡೋಣ" ಅಂದೆ. ಅವರು ಸುಮ್ನೆ ಒಂದು ಒಣ ಸೌಟು ತಗೊಂಡು ಮೇಲಿನ ಪದರ ತೆಗೆದರು. ಕೆಳಗೆ ಮಿಡಿ ಗಟ್ಟಿಯಾಗಿಯೇ ಇತ್ತು. "ಬೂಸಲು ಬಂತು ಅಂತ ಬರಣಿಗೆ ಬೈತೀವಾ ತಂಗಿ? ಒದ್ದೆ ಸೌಟು ಹಾಕಿದ್ರಾ, ಉಪ್ಪು ಕಮ್ಮಿ ಆಯ್ತಾ ಅಂತ ನೋಡ್ಬೇಕು. ನೋಡ್ಬೇಕು ಅಂದ್ರೆ ಮುಚ್ಚಳ ತೆಗೀಬೇಕು" ಅಂದರು. ಉಪ್ಪಿನಕಾಯಿ ಬಗ್ಗೆಯೇ ಹೇಳಿದರೋ, ನನ್ನ ಬಗ್ಗೆ ಹೇಳಿದರೋ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಅವತ್ತು ಮಧ್ಯಾಹ್ನ ಅಕ್ಕಿ ಡಬ್ಬ ಸರಿಸಿದೆ.

ತಲೆಯಲ್ಲಿ ಆ ನಷ್ಟ ಎರಡು ಲಕ್ಷ ಆಗಿತ್ತು. ಹೇಗೆ ಅಷ್ಟಾಯಿತೋ, ದಿನಾ ಸ್ವಲ್ಪ ಸ್ವಲ್ಪ ಬೆಳೆದಿತ್ತು. ಪುಸ್ತಕದಲ್ಲಿ ಕೂಡಿದರೆ 61,400 ರೂಪಾಯಿ. ಹಣ್ಣು, ಸಕ್ಕರೆ, ಬಾಟಲಿ, ಕೂಲಿ, ಎರಡು ಸಲದ ಬಾಡಿಗೆ ಎಲ್ಲ ಸೇರಿ. ತೊಳೆದು ಮತ್ತೆ ಬಳಸುವಂಥ 400 ಬಾಟಲಿಯ ಬೆಲೆ ಕಳೆದರೆ 52,600. ಸಣ್ಣ ದುಡ್ಡಲ್ಲ. ಆದರೆ ಎರಡು ವರ್ಷದಲ್ಲಿ ತೀರಿಸಬಹುದಾದ ದುಡ್ಡು.

ಇನ್ನೊಂದು ವಿಷಯವೂ ಅದೇ ಪುಟದಲ್ಲಿತ್ತು. ಮೇ ತಿಂಗಳ ಹಣ್ಣಿಗೆ ಸಿಪ್ಪೆಯ ಎರಡು ಪಟ್ಟು ಸಕ್ಕರೆ ಹಾಕಿದ್ದೆ, ಯಾವಾಗಲೂ ಹಾಕುವ ಹಾಗೆ. ಜೂನ್ ಹಣ್ಣಿಗೆ ಒಂದೂವರೆ ಪಟ್ಟು. ಪೇಟೆಗೆ ಹೋಗಿ ಸಕ್ಕರೆ ತರಲು ಪುರುಸೊತ್ತಿಲ್ಲದೆ ಇದ್ದದ್ದರಲ್ಲೇ ಮುಗಿಸಿದ್ದೆ. ಹಣ್ಣಲ್ಲಿ ನೀರು ಜಾಸ್ತಿ, ಸಕ್ಕರೆ ಕಮ್ಮಿ. ಹಣ್ಣಿನ ಸಿರಪ್ಪಿನಲ್ಲಿ ಕರಗಿದ ಘನಾಂಶ, ಅಂದರೆ ಮುಖ್ಯವಾಗಿ ಸಕ್ಕರೆ, ಕಡಿಮೆ ಅಂದರೂ ಶೇ 65 ಇರಬೇಕು. ಅದಕ್ಕಿಂತ ತೆಳುವಾದರೆ ಯೀಸ್ಟ್‌ಗೆ ಹಬ್ಬ. ಮುಚ್ಚಳ ಹಾರಿದ್ದು ಅದಕ್ಕೇ.

ಅಂದರೆ ತಪ್ಪು ನನ್ನದೇ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ತನ್ನ ಮೇಲೆ ಕರುಣೆ ಅಂದ ಕೂಡಲೇ ಜನ ತಪ್ಪು ಮುಚ್ಚಿಹಾಕುವುದು ಅಂದುಕೊಳ್ಳುತ್ತಾರೆ. ನನಗೆ ಆಗಿದ್ದು ಉಲ್ಟಾ. ಬೈದುಕೊಂಡ ಒಂಬತ್ತು ತಿಂಗಳಲ್ಲಿ ನನ್ನ ತಪ್ಪು ಯಾವುದು ಅಂತ ನನಗೆ ಗೊತ್ತೇ ಇರಲಿಲ್ಲ. ಬೈಯುವುದು ನಿಲ್ಲಿಸಿದ ಮಧ್ಯಾಹ್ನ ಸಿಕ್ಕಿತು. ಒಂದೂವರೆ ಪಟ್ಟು ಅನ್ನುವ ಆ ಒಂದು ಸಾಲು.

ಆಮೇಲೆ ಧಾರವಾಡದಲ್ಲಿ ಮನಶ್ಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಮನೆಗೆ ಬಂದಾಗ ಇದನ್ನೆಲ್ಲ ಹೇಳಿದೆ. ತನ್ನ ಮೇಲಿನ ಈ ಕರುಣೆಯ ಬಗ್ಗೆ ಇಪ್ಪತ್ತು ವರ್ಷದಿಂದ ಸಂಶೋಧನೆ ನಡೆದಿದೆ ಅಂತ ಅವಳು ಹೇಳಿದಳು. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಅನ್ನುವವರು 2003ರಲ್ಲಿ ಇದರ ಬಗ್ಗೆ ಬರೆದರು, ಅಳೆಯಲು 26 ವಾಕ್ಯಗಳ ಒಂದು ಪಟ್ಟಿಯನ್ನೂ ಮಾಡಿದರು. ಬೌದ್ಧ ಚಿಂತನೆಯಿಂದ ಎತ್ತಿಕೊಂಡ ವಿಚಾರ. ಅವರು ಹೇಳುವುದರಲ್ಲಿ ಮೂರು ಎಳೆ ಇವೆ. ಸೋತಾಗ ತನ್ನನ್ನು ತೀರ್ಪು ಮಾಡದೆ ಪ್ರೀತಿಯಿಂದ ನೋಡುವುದು. ಇದು ನನಗೊಬ್ಬಳಿಗೇ ಆಗಿದ್ದಲ್ಲ, ಮನುಷ್ಯರಿಗೆ ಆಗುವಂಥದ್ದು ಅಂತ ತಿಳಿಯುವುದು. ನೋವನ್ನು ಒತ್ತಿಹಿಡಿಯದೆ, ಅದರಲ್ಲೇ ಮುಳುಗದೆ, ಇದ್ದಷ್ಟು ಇದ್ದ ಹಾಗೆ ನೋಡುವುದು. ನಮ್ಮ ಕಡೆ ಇದಕ್ಕೆ ಒಂದು ಒಳ್ಳೇ ಮಾತಿದೆ, ಅಂತಃಕರಣ. ಬೇರೆಯವರ ಮೇಲೆ ಅಂತಃಕರಣ ಇರಬೇಕು ಅಂತ ನಮಗೆ ಚಿಕ್ಕಂದಿನಿಂದ ಹೇಳಿದ್ದಾರೆ. ನಮ್ಮ ಮೇಲೂ ಇರಲಿ ಅಂತ ಯಾರೂ ಹೇಳಿದ್ದು ನೆನಪಿಲ್ಲ.

ಮೂರರಲ್ಲಿ ಎರಡನೆಯ ಎಳೆ ನನಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ನಾನು ಅಡಿಕೆ ಸೀಮೆಯವಳು. ಕೊಳೆ ರೋಗ ಬಂದ ವರ್ಷ ನೆನಪು ಮಾಡಿಕೊಳ್ಳಿ. ಎಡೆಬಿಡದೆ ಮಳೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಬೋರ್ಡೋ ದ್ರಾವಣ ಕಲಸಿ ಇಟ್ಟುಕೊಂಡರೂ ಹೊಡೆಯಲು ಒಂದು ದಿನ ಬಿಡುವು ಸಿಗುವುದಿಲ್ಲ. ಕೊನೆಗೌಡ ಮರ ಹತ್ತಲಾರ. ಅಡಿಕೆ ಉದುರುತ್ತದೆ. ಆದರೆ ಎಲ್ಲರ ತೋಟದಲ್ಲೂ ಉದುರುತ್ತದೆ. ಸಂಜೆ ಯಾರದೋ ಜಗಲಿಯಲ್ಲಿ ನಾಲ್ಕು ಜನ ಕೂತು ಕವಳ ಹಾಕುತ್ತಾ ಅದನ್ನೇ ಮಾತಾಡುತ್ತಾರೆ. ನಿಮ್ಮಲ್ಲಿ ಎಷ್ಟು ಹೋಯ್ತು, ನಮ್ಮಲ್ಲಿ ಅರ್ಧ ಹೋಯ್ತು, ಆ ಕೆಳಗಿನ ಮನೆಯವರು ಮಳೆ ತಾಗದ ಹಾಗೆ ಕೊನೆಗೆ ಕೊಟ್ಟೆ ಕಟ್ಟಿದ್ದರಂತೆ, ಉಳಿದಿದೆಯಂತೆ. ನಾಚಿಕೆ ಇಲ್ಲ. ಮಾತಾಡುತ್ತಲೇ ಮುಂದಿನ ವರ್ಷಕ್ಕೆ ಏನು ಮಾಡಬೇಕು ಅನ್ನುವುದೂ ಹೊರಗೆ ಬರುತ್ತದೆ.

ವ್ಯಾಪಾರದ ನಷ್ಟ ಹಾಗಲ್ಲ. ಅದು ಒಂದೇ ಮನೆಗೆ ಬರುತ್ತದೆ. ಬಂದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಸಿರಪ್ ಹುಳಿ ಬಂದ ಅದೇ ವರ್ಷ ನಮ್ಮದೇ ಹೋಬಳಿಯಲ್ಲಿ ಇನ್ನೊಬ್ಬರ ಜೋನಿಬೆಲ್ಲದ (ನೀರುಬೆಲ್ಲದ) ಡಬ್ಬಗಳೂ ವಾಪಸ್ ಬಂದಿದ್ದವು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ನಾವಿಬ್ಬರೂ ಸಂತೆಯಲ್ಲಿ ವಾರಕ್ಕೊಮ್ಮೆ ಎದುರಾಗುತ್ತಿದ್ದೆವು. ಇಬ್ಬರೂ "ಅಡ್ಡಿಲ್ಲ, ನಡೀತಾ ಇದೆ" ಅನ್ನುತ್ತಿದ್ದೆವು. ಕೊಳೆ ರೋಗಕ್ಕೆ ಇರುವ ಜಗಲಿ ಸಣ್ಣ ಉದ್ಯಮಕ್ಕೆ ಇಲ್ಲ. ನಾನು ನಿಮ್ಮನ್ನು ಕೇಳುತ್ತಿರುವುದು ಆ ಜಗಲಿಯನ್ನು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಗೊತ್ತು. ಶಿರಸಿ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರು ನನಗೇ ಹೇಳಿದ್ದಾರೆ: "ಮನಸ್ಸು ಮೆತ್ತಗೆ ಮಾಡಿಕೊಂಡರೆ ವ್ಯಾಪಾರ ಆಗುತ್ತಾ? ಬೈದರೇ ಬುದ್ಧಿ ಬರೋದು." ಅವರ ಮೇಲೆ ನನಗೆ ಗೌರವವಿದೆ, ಅವರ ಅನುಭವ ದೊಡ್ಡದು. ಆದರೂ ಇದನ್ನು ಒಪ್ಪಲಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್, ಸೆರೆನಾ ಚೆನ್ ಎಂಬಿಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಕಷ್ಟದ ಶಬ್ದಗಳ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಒಂದು ಗುಂಪಿಗೆ, ಇದು ಎಲ್ಲರಿಗೂ ಕಷ್ಟವೇ, ನಿಮ್ಮ ಮೇಲೆ ನೀವು ಜಾಸ್ತಿ ಕಠಿಣ ಆಗಬೇಡಿ ಅಂದರು. ಇನ್ನೊಂದು ಗುಂಪಿಗೆ, ಇಲ್ಲಿ ಸೀಟು ಸಿಕ್ಕಿದೆ ಅಂದರೆ ನೀವು ಬುದ್ಧಿವಂತರೇ ಇರಬೇಕು ಅಂದರು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಮುಂಚೆ ಓದಿಕೊಳ್ಳಲು ಬಿಟ್ಟಾಗ ಎಲ್ಲರಿಗಿಂತ ಜಾಸ್ತಿ ಹೊತ್ತು ಓದಿದವರು ಮೊದಲನೇ ಗುಂಪಿನವರು. ಹೊಗಳಿಕೆಗೂ ಆ ಶಕ್ತಿ ಇರಲಿಲ್ಲ. ಮೆತ್ತಗಿನ ಮಾತು ಅವರನ್ನು ಸೋಮಾರಿ ಮಾಡಲಿಲ್ಲ.

ಉದ್ಯಮಕ್ಕೇ ಸಂಬಂಧಪಟ್ಟ ಇನ್ನೊಂದು ಕೆಲಸ ಡೀನ್ ಶೆಫರ್ಡ್ ಅನ್ನುವ ಸಂಶೋಧಕರದು. ತಮ್ಮ ತಂದೆಯ ವ್ಯಾಪಾರ ಮುಳುಗಿದ್ದನ್ನು ಹತ್ತಿರದಿಂದ ಕಂಡವರು. ವ್ಯಾಪಾರ ಹೋದಾಗ ಆಗುವುದು ಒಂದು ರೀತಿಯ ಶೋಕ, ಆ ಶೋಕದ ಭಾರದಲ್ಲಿ ಮನುಷ್ಯ ಪಾಠ ಕಲಿಯಲಾರ ಅಂತ ಅವರು 2003ರಲ್ಲಿ ವಾದಿಸಿದರು. ಅದರಿಂದ ಹೊರಬರಲು ಅವರು ತೋರಿಸುವ ದಾರಿ ಇಷ್ಟು: ಸ್ವಲ್ಪ ಹೊತ್ತು ನಷ್ಟದ ಬಗ್ಗೆ ಯೋಚಿಸು, ಸ್ವಲ್ಪ ಹೊತ್ತು ಅದನ್ನು ಬಿಟ್ಟು ಮುಂದಿನ ಕೆಲಸ ನೋಡು, ಮತ್ತೆ ತಿರುಗಿ ಬಾ. 2009ರಲ್ಲಿ ಅವರೂ ಮೆಲಿಸ್ಸಾ ಕಾರ್ಡನ್ ಅವರೂ ಸೇರಿ, ಸೋಲಿನಿಂದ ಕಲಿಯಲು ತನ್ನ ಮೇಲಿನ ಕರುಣೆ ಹೇಗೆ ನೆರವಾಗುತ್ತದೆ ಅಂತ ಬರೆದರು. ಇದನ್ನು ಕೇಳಿದ ಮೇಲೆ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ನಷ್ಟದ ಪುಟ ತೆರೆಯುವುದು ಬೆಳಿಗ್ಗೆ ತಿಂಡಿಯಾದ ಮೇಲೆ, ಒಂದು ಗಂಟೆ ಮಾತ್ರ. ರಾತ್ರಿ ಆ ಪುಸ್ತಕ ಮುಟ್ಟುವುದಿಲ್ಲ. ರಾತ್ರಿ ಅಂಕಿಗಳು ದೊಡ್ಡದಾಗುತ್ತವೆ.

ಪುಟದಲ್ಲಿ ಎರಡು ಕಡೆ ಬರೆಯುತ್ತೇನೆ. ನನ್ನ ಕೈಯಲ್ಲಿ ಇದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. ಎಡಕ್ಕೆ ಬರೆದ ಒಂದೂವರೆ ಪಟ್ಟು ಸಕ್ಕರೆಯಿಂದಾಗಿ 2024ರ ಮೇನಲ್ಲಿ ರಿಫ್ರಾಕ್ಟೋಮೀಟರ್ ತಂದೆ. ಒಂದು ಹನಿ ಸಿರಪ್ ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆ ಅಂಶ ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ. ಮೊದಲು ತಂದದ್ದು 0ಯಿಂದ 32ರ ತನಕ ಅಳೆಯುವಂಥದ್ದು. ಸಿರಪ್ ಹಾಕಿದರೆ ಗೆರೆಯೇ ಕಾಣಲಿಲ್ಲ. ನಮಗೆ ಬೇಕಾದದ್ದು ಜೇನಿಗೆ ಬಳಸುವ, 58ರಿಂದ 90ರ ತನಕದ್ದು. ಹಿಂದಿನ ನಾನಾಗಿದ್ದರೆ "ಇಷ್ಟೂ ಗೊತ್ತಾಗಲ್ವಾ ನಿನಗೆ" ಅಂತ ವಾರ ಕಳೆಯುತ್ತಿದ್ದೆ. ಅವತ್ತು ಅಂಗಡಿಗೆ ಫೋನ್ ಮಾಡಿ ಬದಲಿಸಿಕೊಂಡೆ, ಅಷ್ಟೇ. ಅದಾದ ಮೇಲೆ 65ಕ್ಕಿಂತ ಕೆಳಗಿನ ಒಂದು ಬಾಟಲಿಯೂ ನಮ್ಮ ಕೊಟ್ಟಿಗೆಯಿಂದ ಹೊರಟಿಲ್ಲ. ಇದು ಚಿಕ್ಕ ಸಂಗತಿ. ಆದರೆ ಉದ್ಯಮ ನಡೆಯುವುದು ಇಂಥ ಚಿಕ್ಕ ಸಂಗತಿಗಳ ಮೇಲೆ.

ಬಲಗಡೆ ಬರೆಯುವಂಥದ್ದೂ ಆ ವರ್ಷವೇ ಬಂತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಪಕ್ಕ ಚಹಾ ಹೋಟೆಲ್ ನಡೆಸುತ್ತಿದ್ದ ಕುಟುಂಬವೂ ಅದರಲ್ಲಿ ಹೋಯಿತು. ದಿನಾ ಬೆಳಿಗ್ಗೆ ಒಲೆ ಹೊತ್ತಿಸಿ, ಬಂದವರಿಗೆ ಚಹಾ ಕೊಟ್ಟು ಬದುಕುತ್ತಿದ್ದವರು, ನಮ್ಮಂಥದ್ದೇ ಸಣ್ಣ ಉದ್ಯಮದವರು. ಅದರ ಮುಂದೆ ನನ್ನ ಬಾಟಲಿಯ ಮಾತು ಆಡಲು ಸಂಕೋಚವಾಗುತ್ತದೆ. ಕಾರವಾರಕ್ಕೆ ಹೋಗಬೇಕಿದ್ದ ನನ್ನ 180 ಬಾಟಲಿ ಕುಮಟಾದಲ್ಲೇ ನಿಂತವು. ಕೊನೆಗೆ ಯಲ್ಲಾಪುರದ ಮೇಲೆ ಸುತ್ತಿಸಿ ಕಳಿಸಿದೆ, ಬಾಡಿಗೆ ಜಾಸ್ತಿ ಆಯಿತು, ಆ ಆರ್ಡರಿನಲ್ಲಿ ಏನೂ ಉಳಿಯಲಿಲ್ಲ. ಬಲಗಡೆ ಬರೆದೆ. ಆ ರಾತ್ರಿ ನಿದ್ದೆ ಬಂತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ನಮಗಾಗಿ ಯೋಜನೆಗಳು ಇವೆ, ಅದಕ್ಕೆ ಕೃತಜ್ಞತೆ ಇದೆ. ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಕೇಂದ್ರದಿಂದ ಶೇ 35 ಸಹಾಯಧನ ಸಿಗುತ್ತದೆ, 10 ಲಕ್ಷದವರೆಗೆ. ಅದರಿಂದ ಯಂತ್ರ ಬರುತ್ತದೆ. ನಾನು ಹೋಗಿದ್ದ ಒಂದು ತರಬೇತಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್, ಜಿಎಸ್‌ಟಿ, ಪ್ಯಾಕಿಂಗ್, ಆಹಾರ ಪರವಾನಗಿ ಎಲ್ಲ ಚೆನ್ನಾಗಿ ಹೇಳಿಕೊಟ್ಟರು. ಸಾಧಕರು ಅಂತ ಮೂವರು ಬಂದು ಮಾತಾಡಿದರು. ಮೂವರೂ ಗೆದ್ದ ಕಥೆಯನ್ನೇ ಹೇಳಿದರು. ಅವರ ಮಾಲೂ ಒಂದಲ್ಲ ಒಂದು ಸಲ ವಾಪಸ್ ಬಂದಿರಲೇಬೇಕು ಅಲ್ವಾ? ಆ ಭಾಗವನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಗಾಗಿ ನನ್ನ ಮಾಲು ವಾಪಸ್ ಬಂದಾಗ, ಲೋಕದಲ್ಲಿ ಇದು ನನಗೊಬ್ಬಳಿಗೇ ಆಗಿದೆ ಅನ್ನಿಸಿತು. ದಯವಿಟ್ಟು ಪ್ರತಿ ತರಬೇತಿಯಲ್ಲಿ ಅರ್ಧ ದಿನ ಇದಕ್ಕೆ ಕೊಡಿ. ನಷ್ಟ ಕಂಡವರನ್ನೇ ಕರೆಸಿ. ಅಂಕಿ ಸಮೇತ ಹೇಳಲಿ.

ಎರಡನೆಯದು ಮಳೆಗಾಲದ ಶಿಬಿರ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಆ ದಿನಗಳಲ್ಲಿ ಕಾರವಾರದ ಬೈತಖೋಲ ಬಂದರಿಗೆ ಹೋದರೆ ದೋಣಿಗಳು ನಿಂತಿರುತ್ತವೆ. ಜನ ಬಲೆ ಹರವಿಕೊಂಡು ಕೂತು ಹರಿದಲ್ಲಿ ಹೆಣೆಯುತ್ತಾರೆ, ಎಂಜಿನ್ ಬಿಚ್ಚಿ ನೋಡುತ್ತಾರೆ. ಹರಿದ ಬಲೆ ತಂದೆ ಅಂತ ಅಲ್ಲಿ ಯಾರೂ ಯಾರನ್ನೂ ಹೀಯಾಳಿಸುವುದಿಲ್ಲ. ನಮಗೂ ಅಂಥ ಎರಡು ದಿನ ಬೇಕು. ಘಟ್ಟದ ಮೇಲಿನವರಿಗೆ ಶಿರಸಿಯಲ್ಲಿ, ಕೆಳಗಿನವರಿಗೆ ಕಾರವಾರದಲ್ಲೋ ಕುಮಟಾದಲ್ಲೋ. ನಷ್ಟವಾದವರು ತಮ್ಮ ಲೆಕ್ಕದ ಪುಸ್ತಕ ತರಲಿ. ಲೆಕ್ಕ ಗೊತ್ತಿರುವವರು ಒಬ್ಬರು, ಆಹಾರ ತಂತ್ರಜ್ಞಾನ ಗೊತ್ತಿರುವವರು ಒಬ್ಬರು, ಆಪ್ತ ಸಮಾಲೋಚಕರು ಒಬ್ಬರು ಇರಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಸಭಾಭವನ, ಮಧ್ಯಾಹ್ನದ ಊಟ ಸಾಕು. ವೇದಿಕೆ, ಹಾರ, ಶಾಲು ಬೇಡ. ನೆಲದ ಮೇಲೆ ಜಮಖಾನ ಹಾಸಿ ಕೂರೋಣ.

ಮೂರನೆಯದು ಮಾತಿನ ಬಗ್ಗೆ. ಸಂಘದ ವಾರದ ಸಭೆಯಲ್ಲಿ ಕಂತು ತಪ್ಪಿದವರ ಹೆಸರು ಎಲ್ಲರೆದುರು ಓದುವುದನ್ನು ನಾನು ನೋಡಿದ್ದೇನೆ. ಹೊರಗಿನ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲದ ಬಗ್ಗೆ ಸುಗ್ರೀವಾಜ್ಞೆಯನ್ನೇ ತಂದಿತು. ಒಳ್ಳೆಯದಾಯಿತು. ಆದರೆ ಕೂಗಾಟ ಇಲ್ಲದೆಯೂ ಒಬ್ಬರನ್ನು ಕುಗ್ಗಿಸಬಹುದು. ವಸೂಲಿಗೆ ಬರುವವರು, ಪರಿಶೀಲನೆಗೆ ಬರುವವರು "ಯಾಕೆ ಹೀಗೆ ಮಾಡಿದಿರಿ" ಅನ್ನುವ ಬದಲು "ಎಲ್ಲಿ ತೊಂದರೆ ಆಯ್ತು, ಪುಸ್ತಕ ತೆಗೀರಿ ನೋಡೋಣ" ಅಂದರೆ ಸಾಕು. ಸಾಲವೂ ಬೇಗ ತೀರುತ್ತದೆ ಅಂತ ನನ್ನ ನಂಬಿಕೆ. ಮುಖ ಮರೆಸಿಕೊಂಡವರು ಕಂತು ಕಟ್ಟುವುದಿಲ್ಲ, ನಾನೂ ಕಟ್ಟಲಿಲ್ಲ.

ಇನ್ನೊಂದು ಸಣ್ಣದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ನಿಮ್ಮ ತರಬೇತಿ ಪುಸ್ತಕದ ಹಿಂದಿನ ಪುಟದಲ್ಲಿ ಅಚ್ಚು ಹಾಕಿಸಿ. ಆ ಒಂಬತ್ತು ತಿಂಗಳಲ್ಲಿ ಕೆಲವು ರಾತ್ರಿ ನನಗೆ ಅದು ಬೇಕಿತ್ತು. ಗೊತ್ತಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಈ ಶಿಬಿರ ಇಡುವುದಾದರೆ ನನಗೆ ತಿಳಿಸಿ. ಶಿರಸಿಯಾದರೂ ಸರಿ, ಕಾರವಾರವಾದರೂ ಸರಿ, ಬಸ್ಸು ಹತ್ತಿ ಬರುತ್ತೇನೆ. ಜೋನಿಬೆಲ್ಲದವರನ್ನೂ ಕೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ. 2023ರ ಪುಸ್ತಕವನ್ನು ತರುತ್ತೇನೆ. ಜೂನ್ ತಿಂಗಳ ಪುಟದ ಮೂಲೆಯಲ್ಲಿ ಸಿರಪ್ಪಿನ ಕೆಂಪು ಕಲೆ ಇನ್ನೂ ಇದೆ. ಅದನ್ನು ತೆರೆದು, ಮೊದಲು ನಾನೇ ಓದುತ್ತೇನೆ.

ಇಂತಿ,
ಶಿರಸಿ ತಾಲೂಕಿನ ಒಬ್ಬ ಮುರುಗಲು ಸಿರಪ್ ತಯಾರಕಿ